ಹೆಂಡತಿಯ ರಕ್ತದಲ್ಲಿ ಗಂಡನ ಪರೀಕ್ಷೆ

ಬಸವಕಲ್ಯಾಣದ ಬಟ್ಟೆ ಅಂಗಡಿಯ ಓಂಪ್ರಕಾಶ, ಸೋಲಾಪುರದ ಲಾಡ್ಜಿನಲ್ಲಿ ಹೆಣ್ಣೊಬ್ಬಳ ಜೊತೆ ಮಾಡಿಕೊಂಡ ಘನಕಾರ್ಯವನ್ನು ನಾಲ್ಕು ತಿಂಗಳ ಮೇಲೆ, ಅದೂ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ, ಹೆಂಡತಿಯ ಕಿವಿಯಲ್ಲಿ ಉಸುರಿದ. ಶರಣರ ಗೋಷ್ಠಿಯಲ್ಲಿ ಮೊದಲ ಸಾಲಿನಲ್ಲಿ ಕೂತು ಕಣ್ಣು ಮುಚ್ಚುವ ಮಹಾನುಭಾವ! ನಿರೋಧ್ ಹಾಕಿಕೊಂಡಿರಲಿಲ್ಲವಂತೆ. ಪಕ್ಕದ ಓಣಿಯ ಲಾರಿ ಡ್ರೈವರ್ ಏಡ್ಸಿನಿಂದ ಸತ್ತ ಮೇಲೆ ಇವನಿಗೆ ನಿದ್ದೆ ಹಾರಿತ್ತು.

"ಹುಮನಾಬಾದ್ ದವಾಖಾನ್ಯಾಗ ರಕ್ತಾ ನೀ ಕೊಡು," ಅಂದ. "ನಿಂದು ಚಲೋ ಬಂದ್ರ ನಂದೂ ಚಲೋ ಅಂತನೇ ಆಯ್ತಲ್ಲ. ನಾ ಯಾಕ ಆ ಏಡ್ಸ್ ತಪಾಸಣಿ ಖೋಲಿಗಿ ಹೋಗಿ ಇಜ್ಜತ್ ಕಳ್ಕೋಬೇಕು?"

ವಿದ್ಯಾವತಿ ಬಸ್ಸಿನ ಕಿಟಕಿಯತ್ತ ಮುಖ ತಿರುಗಿಸಿದಳು. ಮಾಡಿದ್ದು ಇವನು, ಸೂಜಿ ಚುಚ್ಚಿಸಿಕೊಳ್ಳಬೇಕಾದವಳು ತಾನು! ಥೂ ಇವನ ಗಂಡಸುತನಕ್ಕೆ! ಆದರೆ ತನ್ನ ಜೀವದ ಭಯವೂ ಹತ್ತಿತು. ಹೋದ ವಾರವೂ ಇವನು ಅವಳನ್ನು ಕೂಡಿದ್ದ.

ಆಸ್ಪತ್ರೆಯಲ್ಲಿ ಅವನು ಹಣೆಯ ವಿಭೂತಿ ಒರೆಸಿಕೊಂಡು, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಬೇವಿನ ಮರದ ಕೆಳಗೆ ಕೂತ. ಒಳಗೆ ಸಮಾಲೋಚಕಿ ಮೀನಾ ಇವಳಿಂದ ಎಲ್ಲ ಕೇಳಿಕೊಂಡು ರಕ್ತ ತೆಗೆಸಿದಳು. ಮಧ್ಯಾಹ್ನಕ್ಕೆ ಫಲಿತಾಂಶ ಬಂತು.

"ಅಕ್ಕೋರೆ, ಇವತ್ತಿಗಿ ನಿಮ್ಮ ರಕ್ತದಾಗ ಏನೂ ಕಂಡಿಲ್ಲ. ಆದ್ರ ಸೋಂಕು ತಗುಲಿದ್ರೂ ಕಾಣಲಿಕ್ಕ ಮೂರು ತಿಂಗಳ ತನಕ ಹಿಡೀತದ. ಮೂರು ತಿಂಗಳ ಬಿಟ್ಟು ಮತ್ತ ಬರ್ರಿ. ಅಲ್ಲೀತನಕ ನಿರೋಧ್ ಇಲ್ಲದೇ ಯಜಮಾನ್ರನ್ನ ಹತ್ರ ಬಿಟ್ಕೋಬ್ಯಾಡ್ರಿ."

"ಮತ್ತ ಅವರ್ದು?"

"ನಿಮ್ಮ ರಕ್ತ ಅವರ ಸುದ್ದಿ ಹೇಳಂಗಿಲ್ರಿ. ಅವರಿಗಿ ಇದ್ದೂ ನಿಮಗ ಇನ್ನಾ ತಗುಲದೇ ಇರಬಹುದು. ಅವರೇ ಬರಬೇಕು. ಯಜಮಾನ್ರ ಹೆಸರೇನ್ರಿ?"

ಮದುವೆಯಾಗಿ ಹದಿನಾಲ್ಕು ವರ್ಷ, ವಿದ್ಯಾವತಿ ಗಂಡನ ಹೆಸರನ್ನು ಬಾಯಿಗೆ ತಂದವಳಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ಅತ್ತೆ ಕಲಿಸಿದ್ದರು. ಜನಗಣತಿಯವರು ಬಂದಾಗಲೂ ಮಗಳು ಶೀತಲ್‌ಳೇ ಹೇಳಿದ್ದಳು.

ಕಿಟಕಿಯಿಂದ ಹೊರಗೆ ನೋಡಿದಳು. ಟವೆಲ್ಲು ಸರಿಸಿ ಚಹಾ ಹೀರುತ್ತಿದ್ದ ಗಂಡ ಇವಳನ್ನು ಕಂಡು ಹುಬ್ಬು ಹಾರಿಸಿದ, ಕೈ ಅಲ್ಲಾಡಿಸಿ 'ಏನಾಯ್ತು?' ಎಂದು ಕೇಳಿದ. ಎದ್ದು ಬರುವಷ್ಟೂ ದಮ್ಮಿಲ್ಲ.

ವಿದ್ಯಾವತಿ ಬಾಗಿಲಿಗೆ ಬಂದು ನಿಂತಳು. ಸಾಲಿನಲ್ಲಿ ಬಸವಕಲ್ಯಾಣದ ಎರಡು ಪರಿಚಿತ ಮುಖಗಳಿದ್ದವು. ಇರಲಿ ಅಂದುಕೊಂಡಳು.

"ಓಂಪ್ರಕಾಶ!" ಅಂಗಳಕ್ಕೆಲ್ಲ ಕೇಳುವಂತೆ ಕೂಗಿದಳು. "ಓಂಪ್ರಕಾಶ ಮಹಾರುದ್ರಪ್ಪ! ನಿಮ್ಮ ರಕ್ತಾ ನೀವೇ ಕೊಡಬೇಕಂತ. ಬರ್ರಿ ಒಳಗ!"