ಸಾಕ್ಷಿಗೋಡೆ

ಮೂವತ್ತು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಬಸ್ ನಿಲ್ದಾಣದ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮಾತ್ರ ಡಾಕ್ಟರಮ್ಮ. ನೀರಿಗೆ ಬಿದ್ದ ಫೋನು, ಮಗು ಎಸೆದ ಫೋನು, ಗಂಡ ಹೆಂಡತಿಯ ಜಗಳದಲ್ಲಿ ಗೋಡೆಗೆ ಬಡಿದ ಫೋನು, ಎಲ್ಲವೂ ಅವಳ ಮೇಜಿಗೇ ಬರುತ್ತಿದ್ದವು. "ಯಾರು ಎಸೆದಿದ್ದು ಅಂತ ನಾನು ಕೇಳಲ್ಲ, ಯಾವಾಗ ಎಸೆದಿದ್ದು ಅಂತ ಹೇಳಿ ಸಾಕು" ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು. ಹಸುಗೂಸಾಗಿದ್ದಾಗ ಬಂದ ಜ್ವರ ಅವಳ ಎಡಗಾಲಿನ ಬಲವನ್ನೆಲ್ಲ ಹೀರಿಕೊಂಡು ಹೋಗಿತ್ತು. ಆದರೂ ಎಡಗಂಕುಳಿಗೆ ಊರುಗೋಲು ಕೊಟ್ಟುಕೊಂಡು ಅವಳು ಹೊರಟರೆ ಜೊತೆಯಲ್ಲಿ ನಡೆಯುವ ಅತ್ತಿಗೆಗೆ ಏದುಸಿರು ಬರುತ್ತಿತ್ತು.

ಅಣ್ಣ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೇಲ್ವಿಚಾರಕ, ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬ. ಬೆಳಿಗ್ಗೆ ಅಮ್ಮ, ಅಣ್ಣ, ಅತ್ತಿಗೆ, ಪುಟ್ಟಿ ನಾಲ್ವರೂ ಕೂತು ಪ್ರಾರ್ಥನೆ ಮಾಡಿಯೇ ದಿನ ಶುರು ಮಾಡುತ್ತಿದ್ದರು. ದೇವರನ್ನು ಅಪ್ಪಾ ಎಂದು ಕರೆದು ಶುರುವಾಗುವ ಅಣ್ಣನ ಪ್ರಾರ್ಥನೆ ಉದ್ದವಾದರೆ ಪುಟ್ಟಿ ಮುಚ್ಚಿದ ಕಣ್ಣು ತೆರೆಯದೆ, "ಅಣ್ಣ, ಹಾಲು ಉಕ್ಕತ್ತೆ, ಆಮೆನ್" ಎನ್ನುತ್ತಿದ್ದಳು. ಅಮ್ಮ ನಗು ತಡೆದುಕೊಂಡು ಗದರುತ್ತಿದ್ದಳು.

ಈ ಮನೆಯ ವಿಶ್ವಾಸದ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಅವರ ಸಭೆಯ ಗೋಡೆಯ ಮೇಲೆ.

ಹಿಂದಿನ ಪಾಸ್ಟರ್ ಶುರು ಮಾಡಿದ, ಈಗಿನವರು ನೀರೆರೆದು ಬೆಳೆಸಿದ ಪದ್ಧತಿ ಅದು. ಸ್ವಸ್ಥತೆಯ ಕೂಟದಲ್ಲಿ ಗುಣವಾಯಿತು ಎಂದವರು ತಮ್ಮ ಕನ್ನಡಕವನ್ನೋ ಸೊಂಟದ ಪಟ್ಟಿಯನ್ನೋ ಕಿವಿಯ ಯಂತ್ರವನ್ನೋ ಅಲ್ಲೇ ಒಪ್ಪಿಸಬೇಕು. ವೇದಿಕೆಯ ಹಿಂದಿನ ಗೋಡೆಗೆ ಮೊಳೆ ಹೊಡೆದು ಅದನ್ನು ನೇತುಹಾಕುತ್ತಾರೆ. ಸಾಕ್ಷಿಗೋಡೆ ಎಂದು ಅದಕ್ಕೆ ಹೆಸರು. ಹೊರಗಿನಿಂದ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕನ್ನಡಕ ಒಪ್ಪಿಸಿದವರು ಆಮೇಲೆ ಹಾಡಿನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಯಾರೂ ಏನೂ ಅನ್ನುವುದಿಲ್ಲ.

ಒಂದು ಭಾನುವಾರ ಆ ಕೂಟದಲ್ಲಿ ಪಾಸ್ಟರ್ ಪುಟ್ಟಿಯ ಕಡೆ ಕೈ ತೋರಿಸಿದರು. ಅವಳು ತಲೆಯಾಡಿಸಿದಳು. "ಎಲ್ಲರೂ ನೋಡ್ತಿದ್ದಾರೆ, ಹೋಗಮ್ಮ" ಎಂದು ಅಮ್ಮ ಬೆನ್ನಿಗೆ ಕೈ ಕೊಟ್ಟಳು. ತಲೆಯ ಮೇಲೆ ಕೈಗಳು ಬಿದ್ದವು, ಡ್ರಮ್ ಜೋರಾಯಿತು, ಯಾರೋ ಕಂಕುಳಿಂದ ಊರುಗೋಲು ಎಳೆದುಕೊಂಡರು. ಇಬ್ಬರು ಹೆಂಗಸರು ಮೊಣಕೈ ಹಿಡಿದು ನಡೆಸಿ ಫಕ್ಕನೆ ಬಿಟ್ಟರು. ಬೀಳುವ ಹೆದರಿಕೆಗೆ ಅವಳು ತೂರಾಡುತ್ತ ಮುನ್ನುಗ್ಗಿ ಮೇಜು ಹಿಡಿದುಕೊಂಡಳು. "ನಡೆದಳು, ನಡೆದಳು" ಎಂದು ಸಭೆ ಎದ್ದು ನಿಂತಿತು. ಆ ಗದ್ದಲದಲ್ಲಿ ಒಂದು ಗಳಿಗೆ ಅವಳೂ ನಂಬಿದಳು. ಊರುಗೋಲು ಜನರ ತಲೆಯ ಮೇಲಿಂದ ಕೈಯಿಂದ ಕೈಗೆ ಸಾಗಿ ಗೋಡೆ ಸೇರಿತು.

ಮಾರನೆಯ ದಿನ ಅವಳು ಮಂಚ ಹಿಡಿದು ನಿಂತು ಕೇಳಿದಳು. "ಅಣ್ಣ, ಹೊಸದೊಂದು ತಂದುಕೊಡು."

"ಹೊಸದು ತಂದರೆ ಹಳೇದು ಯಾಕೆ ಗೋಡೆ ಮೇಲಿದೆ ಅಂತ ಜನ ಕೇಳಲ್ವಾ? ಸ್ವಲ್ಪ ತಾಳು. ವಿಶ್ವಾಸದಲ್ಲಿ ನಡಿ."

"ವಿಶ್ವಾಸ ಇದೆ ಅಣ್ಣ. ಕಾಲಿಲ್ಲ."

ಅಣ್ಣ ಕೆಟ್ಟವನಲ್ಲ. ತಂಗಿಯನ್ನು ಸ್ಕೂಟರಿನಲ್ಲಿ ಅಂಗಡಿಗೆ ಬಿಟ್ಟು ಕರೆತರುತ್ತಿದ್ದ. ಆದರೆ ಭಾನುವಾರ ಬಂತೆಂದರೆ ಅವಳು ಮುಂದಿನ ಸಾಲಿನಿಂದ ವೇದಿಕೆಯವರೆಗೆ ಒಬ್ಬಳೇ ನಡೆದು, ಕಾಲು ಗುಣವಾಯಿತೆಂದು ಸಾಕ್ಷಿ ಹೇಳಬೇಕಿತ್ತು. ಹಲ್ಲು ಕಚ್ಚಿ ಹೇಳಿ ಬಂದು, ಮನೆಯಲ್ಲಿ ಸೊಂಟಕ್ಕೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದಳು. ಮನೆಯ ಸುಣ್ಣದ ಗೋಡೆಯ ಉದ್ದಕ್ಕೂ ಅವಳ ಅಂಗೈಯ ಕಪ್ಪು ಗುರುತು ಮೂಡಿತು. ಅಂಗಡಿಯ ಶೌಚಾಲಯ ಕಟ್ಟಡದ ಹಿಂದುಗಡೆ, ಬಹಳ ದೂರ. ಅಷ್ಟು ದೂರ ನಡೆಯಲಾರದೆ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಮೂತ್ರದ ಉರಿ ಬಂತು, ಜ್ವರ ಬಂತು. ಸಭೆಯಲ್ಲಿ ಮಾತ್ರ ಅವಳು ಗುಣವಾದವಳು. ಒಬ್ಬ ಹೆಣ್ಣುಮಗಳನ್ನು ಬಾಯಾರಿಸಿ ಕೂರಿಸಿ ದೇವರಿಗೆ ಮಹಿಮೆ ತಂದೆವು ಎನ್ನುವವರಿಗೆ ಏನು ಹೇಳುವುದು?

ಕೊನೆಗೆ ಬಚ್ಚಲಲ್ಲಿ ಜಾರಿಬಿದ್ದಳು. ಬಲ ಮಣಿಕಟ್ಟು ಮುರಿಯಿತು. ಕೆಲಸದ ಕೈ ಅದು. ಅಂಗಡಿಯ ಮಾಲೀಕ ಅವಳ ಕುರ್ಚಿಯಲ್ಲಿ ಬೇರೊಬ್ಬರನ್ನು ಕೂರಿಸಿದ.

ಪಾಸ್ಟರ್ ನೋಡಲು ಬಂದರು. ಕುರ್ಚಿಯಲ್ಲಿ ಒರಗಿ ಕೂತು, "ಬಿದ್ದಿದ್ದು ಯಾಕೆ ಅಂತ ಯೋಚನೆ ಮಾಡಿದೀಯಾ ಮಗಳೇ? ಮನಸ್ಸಿನ ಮೂಲೇಲಿ ಎಲ್ಲೋ ಅವಿಶ್ವಾಸ ಇರಬೇಕು" ಎಂದರು.

"ಪಾಸ್ಟರ್, ನೆಲ ಒದ್ದೆ ಇತ್ತು" ಎಂದಳು ಅತ್ತಿಗೆ.

"ನೀನು ಸುಮ್ನಿರು" ಎಂದ ಅಣ್ಣ.

ಅತ್ತಿಗೆ ಸುಮ್ಮನಿರಲಿಲ್ಲ. "ಒಂದು ಕೇಳ್ತೀನಿ ಪಾಸ್ಟರ್, ಬೇಜಾರು ಮಾಡ್ಕೋಬೇಡಿ. ನಿಮ್ಮ ಮೂಗಿನ ಮೇಲಿರೋ ಕನ್ನಡಕ ಯಾಕೆ ಇನ್ನೂ ಗೋಡೆಗೆ ಹೋಗಿಲ್ಲ?"

ಪಾಸ್ಟರ್ ಮುಖ ಬಿಗಿದುಕೊಂಡರು. "ದೇವರು ಎಲ್ಲರಲ್ಲೂ ಒಂದೇ ತರ ಕೆಲಸ ಮಾಡಲ್ಲಮ್ಮ."

"ಅದೇ ಮಾತನ್ನ ಇವಳಿಗೂ ಹೇಳಬಹುದಿತ್ತಲ್ಲ. ಊರುಗೋಲು ಹಿಡಿದು ನಡೆಯೋರ ಜೊತೆ ದೇವರು ನಡೆಯಲ್ವಾ? ಅದನ್ನ ವಾಪಸ್ ಕೊಡಿ."

"ವಾಪಸ್ ಕೇಳೋದು ಅಂದರೆ ದೇವರು ಸುಳ್ಳು ಹೇಳಿದ ಅಂದ ಹಾಗೆ."

ಅಮ್ಮ ಬೆಚ್ಚಿಬಿದ್ದಳು. "ಬೇಡ, ಆ ಮಾತು ಬೇಡ. ಮೂವತ್ತು ವರ್ಷ ಮೊಣಕಾಲೂರಿ ನಾನು ಕೇಳಿದ್ದು ಇದನ್ನೇ. ಕೊಟ್ಟಿದ್ದನ್ನ ಬೇಡ ಅಂತೀಯೇನೇ ಪುಟ್ಟಿ?"



ಒಂದು ಮಧ್ಯಾಹ್ನ ಅಮ್ಮ ಅಡುಗೆಮನೆಯಿಂದ ಹೊರಗೆ ಬಂದಳು. ಕೈಗೆ ಪ್ಲಾಸ್ಟರ್ ಹಾಕಿದ್ದ ಮಗಳಿಗೆ ಈಗ ಗೋಡೆ ಹಿಡಿಯಲೂ ಆಗುತ್ತಿರಲಿಲ್ಲ. ಅವಳು ನೆಲದ ಮೇಲೆ ಕೂತು, ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತ, ಬಚ್ಚಲ ಕಡೆಗೆ ತೆವಳುತ್ತಿದ್ದಳು. ಊರುಗೋಲು ಕೈಗೆ ಬರುವ ಮೊದಲು, ಮಗುವಾಗಿದ್ದಾಗ, ಅವಳು ತೆವಳುತ್ತಿದ್ದದ್ದು ಹೀಗೆಯೇ. ಅಮ್ಮ ಸೌಟು ಕೆಳಗಿಟ್ಟು ಅವಳ ಪಕ್ಕದಲ್ಲಿ ನೆಲಕ್ಕೆ ಕುಸಿದಳು.

"ನಾನು ಕೇಳಿದ್ದು ಇದಲ್ಲ" ಎಂದಳು ಅಮ್ಮ.

ಆ ಭಾನುವಾರ ಅತ್ತಿಗೆ ಒಂದು ಕಡೆ, ಅಮ್ಮ ಒಂದು ಕಡೆ ಹಿಡಿದು ಪುಟ್ಟಿಯನ್ನು ವೇದಿಕೆಗೆ ಕರೆತಂದರು. ಸಾಕ್ಷಿ ಹೇಳಲೆಂದು ಪಾಸ್ಟರ್ ಮೈಕು ಕೊಟ್ಟರು.

"ನನ್ನ ಕಾಲು ವಾಸಿಯಾಗಿಲ್ಲ" ಎಂದಳು ಅವಳು. "ಆವತ್ತೂ ಆಗಿರಲಿಲ್ಲ. ವಾರ ವಾರ ಇಲ್ಲಿ ನಿಂತು ನಾನು ಹೇಳಿದ್ದು ಸುಳ್ಳು, ನೀವು ಹೇಳಿಸಿದ ಸುಳ್ಳು. ದೇವರು ನನ್ನ ಕೈಬಿಟ್ಟಿಲ್ಲ, ದಿನಾ ಮಾತಾಡ್ತೀನಿ ಅವನ ಹತ್ರ. ನನ್ನ ಊರುಗೋಲು ತಗೊಂಡಿದ್ದು ದೇವರಲ್ಲ, ನೀವು. ಅದನ್ನ ಕೊಡಿ."

ಮೈಕು ಸತ್ತಿತು. ಡ್ರಮ್ ಬಡಿಯತೊಡಗಿತು. ಅವಳು ಗಂಟಲೆತ್ತಿ ಮತ್ತೆ ಹೇಳಿದಳು, "ಕೊಡಿ."

ಯಾರೂ ಅಲುಗಲಿಲ್ಲ. ಅತ್ತಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಗೋಡೆಗೆ ಹಾಕಿ ಹತ್ತಿದಳು. ಕುರ್ಚಿ ಓಲಾಡಿತು. ಹಿರಿಯರ ಸಾಲಿನಿಂದ ಅಣ್ಣ ಎದ್ದ. ಹೆಂಡತಿಯನ್ನು ಇಳಿಸಿ ಕರೆದುಕೊಂಡು ಹೋಗುತ್ತಾನೆ ಎಂದೇ ಎಲ್ಲರೂ ಅಂದುಕೊಂಡರು. ಅವನು ಹೋಗಿ, ತಲೆ ತಗ್ಗಿಸಿ, ಎರಡೂ ಕೈಯಿಂದ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಊರುಗೋಲು ಕೆಳಗೆ ಬಂತು. ಪುಟ್ಟಿ ಅದನ್ನು ಎಡಗಂಕುಳಿಗೆ ಕೊಟ್ಟುಕೊಂಡು, ಯಾರ ಕೈಯನ್ನೂ ಹಿಡಿಯದೆ, ಸಾಲುಗಳ ನಡುವೆ ನಡೆದು ಹೊರಗೆ ಹೋದಳು.

ಆ ವಾರ ಅಣ್ಣನಿಗೆ ಫೋನು ಬಂತು. ಅವನನ್ನು ಹಿರಿಯರ ಸ್ಥಾನದಿಂದ ತೆಗೆಯಲಾಗಿದೆ, ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವವರೆಗೆ ಮನೆಯವರಾರೂ ಆರಾಧನೆಗೆ ಬರಬಾರದು. ಸುಳ್ಳನ್ನು ಸುಳ್ಳು ಎಂದದ್ದಕ್ಕೆ ಈ ದಂಡನೆ. ಬೇರೆ ಸಭೆ ನೋಡೋಣ ಎಂದ ಅಣ್ಣ. ಅಮ್ಮ ಒಪ್ಪಲಿಲ್ಲ.

ಭಾನುವಾರ ನಾಲ್ವರೂ ಅದೇ ಸಭೆಯ ಬಾಗಿಲಿಗೆ ಬಂದಾಗ ಎದೆಗೆ ಬ್ಯಾಡ್ಜ್ ಸಿಕ್ಕಿಸಿಕೊಂಡಿದ್ದ ಸ್ವಯಂಸೇವಕ ಅಡ್ಡ ನಿಂತ. ಅಮ್ಮ ಮಕ್ಕಳಿಗೆ ನಡೆಸುವ ಬೈಬಲ್ ಪಾಠದಲ್ಲಿ ಕಲಿತವನೇ.

"ಆಂಟಿ, ನಿಮ್ಮನ್ನ ಒಳಗೆ ಬಿಡಬಾರದು ಅಂತ ಪಾಸ್ಟರ್ ಹೇಳಿದ್ದಾರೆ."

"ಯಾಕಪ್ಪ, ಇದೇನು ಅವರಪ್ಪನ ಮನೆನಾ?"

ಒಳಗೆ ಹಾಡು ಶುರುವಾಗಿತ್ತು. ಅಮ್ಮ ಸೆರಗು ತಲೆಗೆ ಹೊದ್ದು, ಮಗಳ ಕಡೆಗೊಮ್ಮೆ ನೋಡಿ, ಅವನ ಭುಜದ ಮೇಲೆ ಕೈಯಿಟ್ಟಳು.

"ನಮ್ಮಪ್ಪನ ಮನೆ ಇದು. ದಾರಿ ಬಿಡು, ನನ್ನ ಮಗಳಿಗೆ ಅಗಲ ಜಾಗ ಬೇಕು."