ಮುದಕಮ್ಮನ ಎಡಗೈ

ಹೆಣಕ್ಕೆ ನೀರು ಹಾಕುತ್ತಿದ್ದ ಹೊಳಿಯಮ್ಮ ತಂಬಿಗೆ ಕೆಳಗಿಟ್ಟಳು. ತಂಗಿ ಮುದಕಮ್ಮನ ಎಡಗೈಯ ಒಳಬದಿಯಲ್ಲಿ ಸುಟ್ಟ ಗೆರೆಗಳು ಒಂದರ ಮೇಲೊಂದು ಕೂತಿದ್ದವು.

"ಇದೇನ ಯಮನೂರಿ? ನಿಮ್ಮವ್ವಗ ಯಾರು ಬರಿ ಹಾಕ್ಯಾರ?"

ಮಗಳು ಯಮನೂರಮ್ಮ ಆ ಕೈ ಹಿಡಿದು, ಸೂಜಿಯಷ್ಟೇ ಸಣ್ಣ ಗೆರೆಗಳ ಮೇಲೆ ಬೆರಳಾಡಿಸಿದಳು. "ಆಕಿನ ಹಾಕ್ಕೊಂಡಾಳ, ದೊಡ್ಡವ್ವ. ಸೂಜಿ ಕಾವು ನೋಡಾಕ."

ತಳಕಲ್ಲು ಊರಿನಲ್ಲಿ ಕೂಸಿನ ಹೊಟ್ಟೆ ಉಬ್ಬಿದರೆ ಮುದಕಮ್ಮನ ಮನೆಗೇ ತರಬೇಕಿತ್ತು. ಕಾದ ಸೂಜಿಯಿಂದ ಹೊಕ್ಕುಳ ಸುತ್ತ ಬರೆ ಎಳೆಯುತ್ತಿದ್ದವಳು ಅವಳೇ. ಅದಕ್ಕೂ ಮೊದಲು ಒಂದು ಗಳಿಗೆ ಗೋಡೆಯ ಕಡೆ ತಿರುಗುತ್ತಿದ್ದಳು. ಮಂತ್ರ ಹೇಳುತ್ತಾಳೆ ಅಂದುಕೊಂಡಿತ್ತು ಊರು.

*

ನರ್ಸುಗಳು ಯುದ್ಧದ ಗಾಯಾಳುಗಳ ಆರೈಕೆಗೆ ಹೋಗಿ ಜಾಗ ಖಾಲಿಯಾದ ವರ್ಷ ಯಮನೂರಮ್ಮ ದೂರದ ದವಾಖಾನೆಯಲ್ಲಿ ಕೆಲಸ ಕಲಿಯಲು ಸೇರಿದಳು. ಕುರು ಕೊಯ್ಯುವಾಗ ದೊಡ್ಡವರಿಗೆ ಮಂಪರಿನ ಮದ್ದು ಕೊಡುತ್ತಿದ್ದರು, ಕೂಸುಗಳಿಗೆ ಏನೂ ಇಲ್ಲ. ಕೂಸಿನ ಕಾಲು ಅಮುಕಿ ಹಿಡಿಯುವುದು ಹೊಸ ಹುಡುಗಿಯರ ಪಾಲಿನ ಕೆಲಸ. ಸಣ್ಣ ಕೂಸಿಗೆ ನೋವು ತಿಳಿಯುವುದಿಲ್ಲ ಎಂದು ಹಿರಿಯ ನರ್ಸು ಹೇಳಿದ್ದಳು, ಹುಡುಗಿಯರೆಲ್ಲ ನಂಬಿದ್ದರು. ಅತ್ತು ಅತ್ತು ಸಾಕಾಗಿ ಕೂಸು ಸುಮ್ಮನಾದರೆ ಯಮನೂರಮ್ಮ, "ನೋಡ್ರಿ, ಏನೂ ಆಗಿಲ್ಲ" ಅನ್ನುತ್ತಿದ್ದಳು.

ರಜೆಗೆ ಬಂದಾಗ, ಸಣ್ಣ ಕೂಸಿಗೆ ಏನೂ ತಿಳಿಯುವುದಿಲ್ಲ ಅಂತ ಅವ್ವನಿಗೂ ಹೇಳಿದಳು. ಮುದಕಮ್ಮ ಕುಪ್ಪಸದ ತೋಳು ಕೆಳಗೆಳೆದುಕೊಂಡು, "ಹಂಗಂತ ಕಲಸ್ಯಾರೇನು ನಿಮಗ?" ಅಂದಳು.

*

ಹೆಣ ಎತ್ತುವ ಮೊದಲೇ ನೆರೆಮನೆಯ ಫಕೀರಮ್ಮ ಹೊಟ್ಟೆಯುಬ್ಬಿದ ಕೂಸನ್ನು ತಂದು ಯಮನೂರಮ್ಮನ ಮುಂದೆ ಕೂತಳು.

"ಮುದಕವ್ವ ಮಣ್ಣಾಗೂ ಮೊದಲ ನೀ ಸೂಜಿ ಹಿಡೀಬೇಕವ್ವ. ಇಲ್ಲಾಂದ್ರ ಆ ಕೈಗುಣ ಆಕಿ ಸಂಗಟ ಹೋಗ್ತೈತಿ."

"ದವಾಖಾನಿಗೆ ಒಯ್ಯೂಣು. ಮಣ್ಣು ಮುಗಿಸಿ ನಾನೂ ಬರ್ತೀನಿ."

"ಅಂಗಳದಾಗ ಅವ್ವನ ಹೆಣ ಇಟಗೊಂಡು ದವಾಖಾನಿ ಅಂತೀಯಲ್ಲ," ಅಂದಳು ಹೊಳಿಯಮ್ಮ. "ಇದೊಂದು ಕೂಸಿಗೆ ಹಾಕು."

"ಸಣ್ಣ ಕೂಸಿಗೆ ಏನು ತಿಳೀತೈತಿ?" ಫಕೀರಮ್ಮ ಕೂಸಿನ ಅಂಗಿ ಎತ್ತಿದಳು. "ಚುರ್ ಅಂತೈತಿ, ಅಷ್ಟ."

ಅದು ತನ್ನದೇ ಮಾತು. ಯಮನೂರಮ್ಮನಿಗೆ ನಾಚಿಕೆಯಾಯಿತು. ಅವ್ವನ ಸೂಜಿ ತೆಗೆದುಕೊಂಡು, ಹೆಣಕ್ಕೆ ನೀರು ಕಾಸಿದ ಒಲೆಯ ಕೆಂಡದಲ್ಲಿಟ್ಟಳು. ಕಾದ ಮೇಲೆ ಗೋಡೆಯ ಕಡೆ ತಿರುಗಲಿಲ್ಲ. ಎಲ್ಲರ ಎದುರೇ ತನ್ನ ಎಡಗೈಗೆ ಇಟ್ಟುಕೊಂಡಳು. ಎಷ್ಟು ಹಲ್ಲು ಕಚ್ಚಿದರೂ ಕೂಗು ಹೊರಗೆ ಬಂತು.

ಮತ್ತೆ ಕೆಂಡಕ್ಕಿಟ್ಟು ತೆಗೆದಳು.

"ಅವ್ವ ಇಟ್ಕೊಂತಿದ್ಲು, ನಾನೂ ಇಟ್ಕೊಂಡೆ. ನೀ ಹೆತ್ತಾಕಿ, ಫಕೀರವ್ವ. ಈಗ ನಿನ್ನ ಕೈ ತಾ."

ಫಕೀರಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅವಳ ತೊಡೆಯ ಮೇಲೆ ಕೂಸು ಉಬ್ಬಿದ ಹೊಟ್ಟೆ ತೆರೆದುಕೊಂಡು ಅಂಗಾತ ಮಲಗಿತ್ತು.