ತೆಂಗಿನೆಣ್ಣೆಯ ವಾಸನೆ

ಇಜಾಬೆಲ್ಲಾಳಿಗೆ ಸಾಕುಸಾಕಾಗಿತ್ತು. ರಿಯಾದಿನ ಆಸ್ಪತ್ರೆಯೊಂದರ ಹಸುಗೂಸುಗಳ ವಾರ್ಡಿನಲ್ಲಿ ನರ್ಸಾಗಿ ಅರ್ಧ ಆಯುಸ್ಸು ಸವೆಸಿ, ಇನ್ನೇನು ತನ್ನೂರು ಶಿರ್ವಕ್ಕೆ ಹೋಗಿ ಕಾಲು ಚಾಚಿ ಕೂರೋಣ ಎನ್ನುವಾಗ ಈ ಒರಾಂಗುಟಾನ್ ಮರಿ ಬಂದು ಕುತ್ತಿಗೆಗೆ ಜೋತುಬಿದ್ದಿತ್ತು. ಇದು ಮಾತಿಗೆ ಹೇಳುವುದಲ್ಲ, ಅದು ನಿಜವಾಗಿಯೂ ಜೋತುಬಿದ್ದಿತ್ತು. ಹಗಲಿಡೀ ಅದನ್ನು ಹೊತ್ತು ಅವಳ ಸೊಂಟ ಬಿದ್ದುಹೋಗಿತ್ತು.

ಮರಿ ಸಿಕ್ಕಿದ್ದು ದೊಡ್ಡ ಮನುಷ್ಯನೊಬ್ಬನ ಬಂಗಲೆಯಲ್ಲಿ. ಬೋರ್ನಿಯೋದ ಕಾಡಿನಲ್ಲಿ ಯಾರೋ ತಾಯಿಯನ್ನು ಕೊಂದು ಮರಿಯನ್ನು ಕದ್ದು ಸಾಗಿಸಿ ಮಾರಿದ್ದರು. ಇಲ್ಲಿ ಅದಕ್ಕೆ ಫ್ರಾಕು ತೊಡಿಸಿ, ಡಯಾಪರ್ ಕಟ್ಟಿ, ಫೋಟೋ ತೆಗೆದು ಲೋಕಕ್ಕೆಲ್ಲ ಹಂಚಿದರು. ಅಷ್ಟಾದ ಮೇಲೆ ಬೇಸರ ಬಂತು, ಮುದ್ದು ಮುಗಿಯಿತು. ಅಧಿಕಾರಿಗಳು ಹಿಡಿದು ಊರಾಚೆಯ ಆರೈಕೆ ಕೇಂದ್ರಕ್ಕೆ ತಂದಾಗ ಅದರ ಚರ್ಮ ಬಿರಿದು, ಅಲ್ಲಲ್ಲಿ ಕೂದಲು ಉದುರಿತ್ತು. ಬಾಟಲಿ ಹಾಲು ಕುಡಿಸಲು ತಾಳ್ಮೆಯುಳ್ಳವರು ಬೇಕೆಂದಾಗ, ಕೇಂದ್ರದ ಡ್ರೈವರ್ ಉಳ್ಳಾಲದ ಸಿರಾಜುದ್ದೀನ್ ಇವಳ ಹೆಸರು ಹೇಳಿದ. ಪುಣ್ಯಾತ್ಮ.

ಕೇಂದ್ರದ ನಿಯಮಗಳು ಕಟ್ಟುನಿಟ್ಟು. ಮರಿಯೊಂದಿಗೆ ಮಾತಾಡಬಾರದು, ಮುತ್ತಿಡಬಾರದು, ಮುಖಕ್ಕೆ ಸದಾ ಮಾಸ್ಕ್ ಇರಬೇಕು. ಮರಿ ಒಂದು ದಿನ ಕಾಡಿಗೆ ಮರಳಬೇಕು, ಮನುಷ್ಯರನ್ನು ನಂಬಿದರೆ ಅಲ್ಲಿ ಬದುಕಲಾರದು. ಇಜಾಬೆಲ್ಲಾ ಎಲ್ಲವನ್ನೂ ಪಾಲಿಸಿದಳು. ಆದರೆ ಕರಾವಳಿಯ ಹೆಂಗಸಿನ ಕೈಗೆ ಒಣಗಿದ ಮೈಯ ಕೂಸನ್ನು ಕೊಟ್ಟು, ಎಣ್ಣೆ ಹಚ್ಚಬೇಡ ಎಂದರೆ ಕೈ ಕೇಳುತ್ತದೆಯೇ? ಅದೂ ಅಲ್ಲದೆ ಹಾಗೆಂದು ಯಾರೂ ಹೇಳಿರಲೂ ಇಲ್ಲ. ಊರಿನಿಂದ ತಂದ ತೆಂಗಿನೆಣ್ಣೆಯನ್ನು ಬೆಚ್ಚಗೆ ಮಾಡಿ ನೆತ್ತಿಯಿಂದ ಅಂಗಾಲಿನವರೆಗೆ ದಿನಾ ತಿಕ್ಕಿದಳು. ಚರ್ಮ ಮೆತ್ತಗಾಯಿತು, ಕೆಂಗೂದಲು ಮತ್ತೆ ಹುಟ್ಟಿತು. ಕೇಂದ್ರದವರೆಲ್ಲ ಅವಳನ್ನು ಹೊಗಳಿದರು.

ಮರಿಯನ್ನು ಪರೀಕ್ಷಿಸಲು ಬೋರ್ನಿಯೋದಿಂದ ಡಾಕ್ಟರ್ ರತ್ನಾ ಬಂದಳು. ಹೆಸರು ನಮ್ಮದೇ, ನಗು ಮಾತ್ರ ಬಲು ದುಬಾರಿ. ಅವಳು ಒಪ್ಪಿದರೆ ಮರಿಗೆ ಕಾಡಿನ ದಾರಿ, ಇಲ್ಲವಾದರೆ ಜೀವಮಾನವಿಡೀ ಪಂಜರ. ಆವತ್ತು ಶುಕ್ರವಾರ. ಮರಿ ಡಾಕ್ಟರ ಬಳಿಗೂ ಹೋಗಲಿಲ್ಲ, ಕಸ ಗುಡಿಸುವವರ ಬಳಿಗೂ ಹೋಗಲಿಲ್ಲ. ಡಾಕ್ಟರು ತೃಪ್ತಿಯಿಂದ ತಲೆಯಾಡಿಸಿದಳು. ಅಷ್ಟರಲ್ಲಿ ಸಿರಾಜುದ್ದೀನ್ ಜುಮಾ ನಮಾಜಿಗೆಂದು ಮಿಂದು, ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು, ಹಣ್ಣಿನ ಬುಟ್ಟಿ ಇಡಲು ಒಳಗೆ ಬಂದ. ಮರಿ ಏರಲೆಂದು ಕಟ್ಟಿದ್ದ ಹಗ್ಗದಿಂದ ಧುಮುಕಿ ಓಡಿಬಂದು ಅವನ ಕಾಲು ತಬ್ಬಿಕೊಂಡಿತು. ಅವನು ಅದನ್ನು ಒಂದು ದಿನವೂ ಎತ್ತಿಕೊಂಡವನಲ್ಲ.

ಡಾಕ್ಟರು ಅವನ ತಲೆಯನ್ನು ಮೂಸಿದಳು. ಆಮೇಲೆ ಇಜಾಬೆಲ್ಲಾಳ ಅಂಗೈಯನ್ನು ಮೂಸಿದಳು.

"ನಮ್ಮ ಕಾಡಂಚಿನ ಹಳ್ಳಿಗಳಲ್ಲೂ ತಲೆಗೆ ಇದೇ ಎಣ್ಣೆ," ಎಂದಳು ಇಂಗ್ಲಿಷಿನಲ್ಲಿ. "ಈ ವಾಸನೆ ಹಿಡಿದು ಇದು ತೋಟಗಳಿಗೆ ಇಳಿಯುತ್ತದೆ. ಅಲ್ಲಿ ಬಂದೂಕು ಇರುತ್ತದೆ. ಈ ವಾಸನೆಗೆ ಹೆದರುವುದನ್ನು ಕಲಿಯದಿದ್ದರೆ ನಾನು ಕರೆದೊಯ್ಯಲಾರೆ."

"ಹೆದರಿಸಲು ಬೇರೆ ಯಾರನ್ನಾದರೂ..." ಎಂದು ಇಜಾಬೆಲ್ಲಾ ತಡವರಿಸಿದಳು.

"ಬೇರೆಯವರು ಹೆದರಿಸಿದರೆ ಅದು ನಿನ್ನ ಬಳಿಗೇ ಓಡಿಬರುತ್ತದೆ."

ಇಜಾಬೆಲ್ಲಾಳನ್ನು ಮನೆಗೆ ಬಿಡುವಾಗ ವ್ಯಾನಿನಲ್ಲಿ ಸಿರಾಜುದ್ದೀನ್, "ಆಗುದಿಲ್ಲ ಹೇಳಿಬಿಡಿ ಬಾಯಮ್ಮ," ಎಂದ. "ಅದು ಇಲ್ಲೇ ಇರ್ಲಿ. ಎಸಿ ಉಂಟು, ಹಣ್ಣು ಉಂಟು. ನಾವು ಇಲ್ಲಿ ಬದುಕ್ಲಿಲ್ವಾ?"

"ನಮಗೆ ಎಕ್ಸಿಟ್ ವೀಸಾ ಹೊಡೆಸಿ ಊರಿಗೆ ಹೋಗ್ಲಿಕ್ಕೆ ಆಗ್ತದೆ ಮಾರಾಯ. ಅದಕ್ಕೆ ಎಂತ ಉಂಟು?"

ಅವಳು ಕಿಟಕಿಗೆ ತಲೆಯಾನಿಸಿದಳು. ಕೂಸುಗಳನ್ನು ಕೊಟ್ಟುಬಿಡುವುದು ಅವಳಿಗೆ ಹೊಸದಲ್ಲ, ಅದೇ ಅವಳ ಕಸುಬು. ಎಷ್ಟು ಮಕ್ಕಳನ್ನು ಬದುಕಿಸಿ ತಾಯಂದಿರ ಕೈಗಿಟ್ಟು ಬೆನ್ನು ತಿರುಗಿಸಿದ್ದಳೋ. ಆದರೆ ಕೊಡುವ ಮೊದಲು ಕೆಟ್ಟವಳಾಗು ಎಂದು ಯಾರೂ ಹೇಳಿರಲಿಲ್ಲ. ಬಂಗಲೆಯವನ ಮೇಲೆ ಸಿಟ್ಟು ಬಂತು, ಡಾಕ್ಟರ ಮೇಲೆ ಬಂತು, ತನ್ನ ಕೈಗಳ ಮೇಲೂ ಬಂತು. ಆದರೆ ಸಿಟ್ಟನ್ನು ಹೊರುವಷ್ಟು ತ್ರಾಣವೂ ಮೈಯಲ್ಲಿ ಉಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ತಲೆಗೂ ತೋಳುಗಳಿಗೂ ಧಾರಾಳ ಎಣ್ಣೆ ಬಳಿದುಕೊಂಡು, ಅಡುಗೆಮನೆಯಿಂದ ಅಲ್ಯೂಮಿನಿಯಂ ತಟ್ಟೆ, ಸೌಟು ಹಿಡಿದು ಆವರಣದೊಳಗೆ ಹೋದಳು. ಮರಿ ಎರಡೂ ಕೈ ಎತ್ತಿ ಓಡಿಬಂತು. ಅವಳು ಅದರ ಕಿವಿಯ ಬಳಿಯೇ ತಟ್ಟೆ ಬಾರಿಸಿ ಕಿರುಚಿದಳು. ಮರಿ ಬೆಚ್ಚಿತು, ಹೆದರಿಕೆಯಾದದ್ದಕ್ಕೆ ಅವಳನ್ನೇ ಬಿಗಿಯಾಗಿ ತಬ್ಬಿಕೊಂಡಿತು. ಇಂಥದ್ದಕ್ಕೆ ಯಾರೂ ಅವಳನ್ನು ಸಿದ್ಧಪಡಿಸಿರಲಿಲ್ಲ. ಒಂದೊಂದೇ ಬೆರಳು ಬಿಡಿಸಿ ದೂಡಿದಳು. ಮತ್ತೆ ಬಂತು. ಪೈಪಿನಿಂದ ತಣ್ಣೀರು ಬಿಟ್ಟಳು, ಮತ್ತೆ ಬಾರಿಸಿದಳು, ಗಂಟಲು ಹರಿಯುವಂತೆ ಕೂಗಿದಳು. ಮುಖದ ಮೇಲೆ ಮಾಸ್ಕ್ ಇದ್ದುದೊಂದೇ ಅವಳಿಗೆ ಅನುಕೂಲ.

ಕೊನೆಗೊಮ್ಮೆ ಮರಿ ಓಡಿಬರುವುದನ್ನು ನಿಲ್ಲಿಸಿತು. ಒದ್ದೆಯಾಗಿ ನಡುಗುತ್ತ ಅವಳನ್ನೇ ನೋಡಿತು. ನಿಧಾನವಾಗಿ ಹಿಂದೆ ಸರಿದು ಹಗ್ಗ ಹಿಡಿದು ಏರತೊಡಗಿತು. ದಿನವೂ ಅರ್ಧ ಹಗ್ಗಕ್ಕೇ ನಿಲ್ಲುತ್ತಿದ್ದದ್ದು, ಇಂದು ತುದಿಯ ತೊಲೆಯವರೆಗೂ ಹೋಗಿ ಅಲ್ಲಿ ಮುದುರಿ ಕುಳಿತಿತು. ಬಲೆಯಾಚೆ ನಿಂತಿದ್ದ ಡಾಕ್ಟರು ಹೌದೆಂಬಂತೆ ತಲೆಯಾಡಿಸಿದಳು.

ತೊಲೆ ನಯವಾಗಿತ್ತು. ಮರಿಯ ಒದ್ದೆ ಕಾಲು ಜಾರಿತು, ಅದು ಹಗ್ಗ ಹಿಡಿದು ನೇತಾಡಿತು. ಬಿದ್ದರೆ ಹಿಡಿಯಲೆಂದು ಇಜಾಬೆಲ್ಲಾಳ ತೋಳುಗಳು ತಾವಾಗಿಯೇ ಮೇಲೆದ್ದವು. ಆ ತೋಳುಗಳನ್ನು ಕಂಡು ಮರಿ ಹಗ್ಗದಲ್ಲಿ ಒಂದು ಗೇಣು ಕೆಳಗಿಳಿಯಿತು.

ಅವಳು ಸೌಟೆತ್ತಿ ತಟ್ಟೆ ಬಾರಿಸಿದಳು.